ಕೋವಿಮಾವನ ಗಜ

ಒಂದು ಮಗ್ಗುಲಲ್ಲಿ ಸುಳ್ಯದ ಅಡಿಕೆ ತೋಟಗಳನ್ನೂ ಇನ್ನೊಂದು ಮಗ್ಗುಲಲ್ಲಿ ಕಾಸರಗೋಡಿನ ಸೀಮೆಯನ್ನೂ ಇಟ್ಟುಕೊಂಡು ಕಾಡಿನ ಅಂಚಿನಲ್ಲಿ ಹರಡಿರುವ ಮಂಡೆಕೋಲಿನಲ್ಲಿ ಪರವಾನಿಗೆಯ ಕೋವಿಯುಳ್ಳ ಮನೆಗಳು ಹಲವುಂಟು. ಹಂದಿ, ಮಂಗ, ಮುಳ್ಳುಹಂದಿ ಮೊದಲಾದ ಗೇಣಿ ಕೊಡದ ಒಕ್ಕಲುಗಳು ಹಗಲಿರುಳೆನ್ನದೆ ತೋಟವನ್ನು ಅನುಭವಿಸುವ ಊರಿನಲ್ಲಿ ಅದು ಇರಬೇಕಾದದ್ದೇ. ಆದರೆ ಕೋವಿಯಿದ್ದವರೆಲ್ಲರೂ ಕೋವಿಮಾವಂದಿರಾಗಲಾರರು. ಕೋವಿಯನ್ನು ಹಾರಿಸುವವನು ಬರಿಯ ಕೃಷಿಕ. ಕೋವಿಯನ್ನು ಸದಾ ಸರಿಪಡಿಸುತ್ತಿರುವವನು ಕೋವಿಮಾವ. ಪುತ್ತೂರು ಕಡಬಗಳ ಕಡೆಯಲ್ಲಿಯೂ ಗ್ರಾಮಕ್ಕೊಬ್ಬರಂತೆ ಈ ವರ್ಗದವರು ಕಾಣಸಿಗುವರಾದರೂ ನಾನು ಕಂಡವರಲ್ಲಿ ಅಗ್ರಗಣ್ಯರು ಮಂಡೆಕೋಲಿನವರೇ. ಸಂಬಂಧವನ್ನು ಎಳೆದೆಳೆದು ನೋಡಿದರೆ ಅವರು ನನಗೂ ಮಾವನೇ ಆಗಬೇಕು.

ಪ್ರಾಯ ಅರುವತ್ತೈದರ ಮೇಲೆ, ತಲೆಗೆ ಹಾಳೆಯ ಮುಟ್ಟಾಳೆ, ಬಾಯಲ್ಲಿ ಎಲೆಯಡಿಕೆ, ತೊಡೆಯ ಮೇಲೆ ಅಡ್ಡಲಾಗಿ ಕೋವಿ. ಜಗಲಿಯ ಕಂಬಕ್ಕೊರಗಿ ಹೀಗೆ ವಿರಾಜಮಾನರಾಗಿರುವ ಅವರನ್ನು ದಾರಿಹೋಕರು ಯಾರಾದರೂ, "ಎಂತ ಮಾವ, ಬೇಟೆಯಾ?" ಎಂದು ಕೇಳಿದರೆ, ಉತ್ತರ ಸಿದ್ಧವಾಗಿಯೇ ಇದೆ: "ಎಂತ ಬೇಟೆ ಮಾರಾಯ, ಗಜ ಸಡಿಲ ಆಗಿದೆ." ಕೇಳಿದವನು ಬುದ್ಧಿವಂತನಾದರೆ ಅಲ್ಲಿಂದಲೇ ಮುಂದೆ ಸಾಗುತ್ತಾನೆ. "ಹೌದಾ, ಅದು ಹೇಗೆ?" ಎಂದನೋ, ಅವನ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

ಈ ವಿಷಯದಲ್ಲಿ ಅನಭಿಜ್ಞರಾದ ವಾಚಕರಿಗಾಗಿ ಒಂದೆರಡು ಮಾತು ಹೇಳಬೇಕು. ಕೇಪಿನ ಕೋವಿಗೆ ತೋಟೆಕೋವಿಯಂತೆ ಹಿಂದಿನಿಂದ ತೋಟೆ ತುರುಕುವ ಸೌಕರ್ಯವಿಲ್ಲ. ನಳಿಗೆಯ ಬಾಯಿಯಿಂದ ಮೊದಲು ಮದ್ದನ್ನು ಸುರಿದು, ಅದರ ಮೇಲೆ ತೆಂಗಿನ ನಾರಿನ ಉಂಡೆಯನ್ನಿಟ್ಟು ಕೋಲಿನಿಂದ ಜಡಿದು, ತರುವಾಯ ಚರೆಯನ್ನು ಹಾಕಿ, ಅದು ಉದುರದಂತೆ ಇನ್ನೊಂದು ಉಂಡೆಯನ್ನಿಟ್ಟು ಪುನಃ ಜಡಿದು, ಕಟ್ಟಕಡೆಗೆ ಹಿಂಬದಿಯಲ್ಲಿ ಕೇಪನ್ನು ಕೂರಿಸಿದರೆ ಮಾತ್ರ ಅದು ಆಗ್ನೇಯಾಸ್ತ್ರ. ಇಲ್ಲವಾದರೆ ಬರಿಯ ಕೊಳವೆ. ಹೀಗೆ ಜಡಿಯುವ ಕೋಲೇ ಗಜ. ಕೆಲಸವಿಲ್ಲದ ಹೊತ್ತಿನಲ್ಲಿ ಅದು ನಳಿಗೆಯ ಕೆಳಗೆ, ಮರದಲ್ಲಿ ಕೊರೆದ ಕಾಲುವೆಯೊಳಗೆ, ಎರಡು ಬಳೆಗಳ ಆಧಾರದಲ್ಲಿ ಶಯನಿಸಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ಅದನ್ನು ಬಿಗಿಹಿಡಿಯುವುದು. ಶಿವರಾತ್ರಿಯ ಬಿಸಿಲಿಗೆ ಮರ ಸೊರಗಿ ಕೈಬಿಡುವುದು. ಗುಂಡು ಹಾರಿದ ಕ್ಷಣದಲ್ಲಿ ಕೋವಿ ಹಿಂದಕ್ಕೆ ಒದೆಯುತ್ತದೆ. ಗಜವಾದರೋ ನ್ಯೂಟನ್ ಮಹಾಶಯನ ಪ್ರಥಮ ನಿಯಮಕ್ಕೆ ವಿಧೇಯವಾಗಿ ಇದ್ದಲ್ಲಿಯೇ ಇರಬಯಸುತ್ತದೆ. ಈ ಭಿನ್ನಾಭಿಪ್ರಾಯದ ಫಲವಾಗಿ ಪ್ರತಿಯೊಂದು ಗುಂಡಿಗೂ ಅದು ನಾಲ್ಕು ಬೆರಳು ಮುಂದಕ್ಕೆ ಜಾರುತ್ತದೆ.

ಇದು ಎಲ್ಲ ಕೋವಿಗಳಿಗೂ ಸಮಾನವಾದ ವ್ಯಾಧಿ. ಮಾವನ ಕೋವಿಗೆ ಮಾತ್ರ ಇನ್ನೊಂದು ವಿಶೇಷ ಕಾರಣವಿದೆ. ಅವರ ದೊಡ್ಡಣ್ಣ ಒಂದು ರಾತ್ರಿ ಹಂದಿಯ ಗಡಿಬಿಡಿಯಲ್ಲಿ, ಜಡಿದ ಗಜವನ್ನು ನಳಿಗೆಯಿಂದ ತೆಗೆಯಲು ಮರೆತು ಕೋವಿಯ ಕುದುರೆ ಎಳೆದುಬಿಟ್ಟರು. ಹಂದಿ ಬದುಕಿತು, ಗಜ ಅಂಗಳದ ಹಲಸಿನ ಮರಕ್ಕೆ ನಾಟಿತು. ಆ ತೂತನ್ನು ಇಂದಿಗೂ ನೆಂಟರಿಗೆ ತೋರಿಸುವ ಸಂಪ್ರದಾಯವುಂಟು. ತದನಂತರ ಮಾಡಿಸಿದ ಗಜ ಮೂಲ ಗಜಕ್ಕಿಂತ ಒಂದು ನೂಲು ಸಪುರವಾಯಿತು. ಒಂದು ನೂಲಿನ ಈ ಅಂತರದಲ್ಲಿ ಮಾವನ ಉತ್ತರಾಯುಷ್ಯವೆಲ್ಲವೂ ಸಂದುಹೋಗಿದೆ.

ಗಜದ ಮಹತ್ವವನ್ನು ಸ್ಥಾಪಿಸುವುದಕ್ಕಾಗಿ ಮಾವ ಇತಿಹಾಸಕ್ಕೂ ಕೈಹಾಕುವರು. 1741ರಲ್ಲಿ ಮೋಲ್‌ವಿಟ್ಜ್ ಎಂಬಲ್ಲಿ ಪ್ರಷ್ಯದ ಸೈನಿಕರು ಆಸ್ಟ್ರಿಯದವರನ್ನು ಸೋಲಿಸಿದ್ದು ಯಾತರಿಂದ? ಪ್ರಷ್ಯದವರಲ್ಲಿ ಕಬ್ಬಿಣದ ಗಜವಿತ್ತು, ಆಸ್ಟ್ರಿಯದವರಲ್ಲಿ ಮರದ ಗಜ. ಪ್ರಷ್ಯದವರು ಬೇಗ ಬೇಗ ಜಡಿದು ಹೊಡೆದರು, ಆಸ್ಟ್ರಿಯದವರದು ಜಡಿಯುವ ಅವಸರದಲ್ಲಿ ಮುರಿಯಿತು. ಈ ಕಥೆಯಲ್ಲಿ ಸತ್ಯಾಂಶ ಸಾಕಷ್ಟಿದೆ. 1807ರಲ್ಲಿ ಕೇಪಿನ ಮೂಲತತ್ತ್ವಕ್ಕೆ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಫಾರ್ಸಿತ್ ಎಂಬ ಪಾದ್ರಿ, ಚಕಮಕಿಯ ಕೋವಿಯ ಕಿಡಿ ಕಂಡು ಬಾತುಗಳು ಹಾರಿಹೋಗುವುದನ್ನು ಸಹಿಸಲಾರದೆ ಅವನು ಆ ಉಪಾಯ ಹೂಡಿದ ಎಂಬುದನ್ನೂ ಮಾವ ಬಲ್ಲರು. ಆದರೆ 1837ರ ಏಪ್ರಿಲಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ದಂಡು ಸುಳ್ಯದಿಂದ ಹೊರಟು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಕಂಪೆನಿಯ ನಿಶಾನೆಯನ್ನು ಇಳಿಸಿದಾಗ ತಮ್ಮ ಹಿರಿಯರ ಹೆಗಲ ಮೇಲಿದ್ದದ್ದು ಇದೇ ಕೋವಿಯೆಂದು ಅವರು ಹೇಳುವಾಗ ಮಾತ್ರ, ಕೇಳುವವರು ನಳಿಗೆಯ ಮೇಲೆ ಕೆತ್ತಿದ ಇಸವಿಯತ್ತ ನೋಡದಿರುವುದು ಸಭ್ಯತೆ. ಆ ಇಸವಿ ಸ್ವಾತಂತ್ರ್ಯ ಬಂದ ಮೇಲಿನದು.

ಚಿಕಿತ್ಸೆಗಳೇನು ಕಡಿಮೆಯೇ? ಮೊದಲು ಕಾಲುವೆಯೊಳಗೆ ಜೇನುಮೇಣ ಮೆತ್ತಿದರು, ಚೈತ್ರದಲ್ಲಿ ಕರಗಿತು. ಸೈಕಲ್ಲಿನ ಟ್ಯೂಬನ್ನು ಸೀಳಿ ಸುತ್ತಿದರು. ಅದು ಬಿಸಿಲಿಗೆ ಅಂಟಾಗಿ ಗಜವನ್ನೂ ಮಾವನ ಬೆರಳುಗಳನ್ನೂ ಏಕಕಾಲದಲ್ಲಿ ಹಿಡಿದುಕೊಂಡಿತು. ಗಜವನ್ನು ತುಸುವೇ ಬಾಗಿಸಿದರೆ ಅದು ಕಾಲುವೆಯಲ್ಲಿ ತಾನಾಗಿಯೇ ಒತ್ತಿ ನಿಲ್ಲುವುದೆಂಬುದು ಬಲ್ಲವರ ಕ್ರಮ, ಒಳ್ಳೆಯ ಕ್ರಮವೂ ಹೌದು; ಮಾವ ಅದನ್ನು ಅಡಿಕೆ ಮರದ ಬುಡಕ್ಕೆ ಸಿಕ್ಕಿಸಿ ಬಾಗಿಸಿದ ಭರಕ್ಕೆ ಅದು ಕಾಲುವೆಯಲ್ಲೇನೋ ಭದ್ರವಾಗಿ ನಿಂತಿತು, ನಳಿಗೆಯೊಳಕ್ಕೆ ಮಾತ್ರ ಇಳಿಯದಾಯಿತು. ಪುನಃ ನೇರಮಾಡಲು ಎರಡು ಮಳೆಗಾಲ ಬೇಕಾಯಿತು. ಆಮೇಲೆ ಬಂದದ್ದು ಹಾಳೆಯ ಯುಗ. ಅಡಿಕೆ ಹಾಳೆಯ ಚೂರನ್ನು ಕಾಲುವೆಗೆ ತೂರಿಸಿ, ಇದು ನಮ್ಮ ತೋಟದ್ದೇ ಔಷಧಿ, ಎಂದು ಬೀಗಿದರು. ಆಟಿ ತಿಂಗಳ ಮಳೆಗೆ ಮರವೂ ಉಬ್ಬಿತು, ಹಾಳೆಯೂ ಉಬ್ಬಿತು. ಅದೇ ರಾತ್ರಿ ಹಂದಿಗಳು ಗೆಣಸಿನ ಪಾತಿಗೆ ಬಂದುವು. ಮಾವ ಗಜವನ್ನು ಎಳೆದರು. ಅತ್ತೆ ಕೋವಿಯನ್ನು ಎಳೆದರು. ಆಳು ಅತ್ತೆಗೆ ಟಾರ್ಚು ಹಿಡಿದನು. ಗಜ ಬರಲಿಲ್ಲ. ಕೊನೆಗೆ ಅತ್ತೆಯೇ ಒಳಗೆ ಹೋಗಿ, ದೀಪಾವಳಿಗೆಂದು ತೆಗೆದಿಟ್ಟ ಗರ್ನಾಲೊಂದಕ್ಕೆ ಬೆಂಕಿ ಕೊಟ್ಟು ಅಂಗಳಕ್ಕೆ ಎಸೆದಾಗ ಹಂದಿಗಳು ಕೇರಳದ ಕಡೆಗೆ ತೆರಳಿದುವು. ಆನೆ ಬಂದಾಗಲಂತೂ ಕೋವಿಯ ಪ್ರಶ್ನೆಯೇ ಇಲ್ಲ. ಅದನ್ನು ಮುಟ್ಟುವಂತೆಯೂ ಇಲ್ಲ, ಅದಕ್ಕೆ ನಾಟುವಂತೆಯೂ ಇಲ್ಲ.

"ಆಚಾರಿಯ ಹತ್ತಿರ ಕೊಟ್ಟರೆ ಆಗುದಿಲ್ವಾ?" ಎಂದು ಅತ್ತೆ ಕೇಳದ ದಿನವಿಲ್ಲ. ಮಾವನ ಬಳಿ ಕಾನೂನಿದೆ. ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಿಗೆ ಕೊಡತಕ್ಕದ್ದೆನ್ನುವ 1959ರ ಆಯುಧ ಅಧಿನಿಯಮದ 13ನೆಯ ಕಲಮು ಅವರಿಗೆ ಕಂಠಪಾಠ. ಕೋವಿಯನ್ನು ರಿಪೇರಿ ಮಾಡುವವನಿಗೂ ಪರವಾನಿಗೆ ಬೇಕೆನ್ನುವ 5ನೆಯ ಕಲಮು ಅದಕ್ಕಿಂತಲೂ ಕಂಠಪಾಠ. ಹಾಗಿದ್ದರೆ ಗಜವು ಕೋವಿಯ ಅಂಗವೋ, ಉಪಾಂಗವೋ, ಬರಿಯ ಸಲಾಕೆಯೋ? ಅಂಗವಾದರೆ ಆಚಾರಿ ಮುಟ್ಟಬಾರದು. ಸಲಾಕೆಯಾದರೆ ಮಾವ ಮುಟ್ಟಬಹುದು. ಎರಡು ಪಕ್ಷದಲ್ಲಿಯೂ ಕೆಲಸ ಮಾವನಿಗೇ ಉಳಿಯುವಂತಹ ಈ ತರ್ಕವನ್ನು ನಾನು ಬಹಳ ಮೆಚ್ಚಿದ್ದೇನೆ.

ಈ ತರ್ಕಕ್ಕೆ ಪರೀಕ್ಷಾಕಾಲ ಒದಗಿದ್ದು ಚುನಾವಣೆಯಲ್ಲಿ. ಮತದಾನ ಘೋಷಣೆಯಾಯಿತೆಂದರೆ ಕೃಷಿಕರು ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆಜ್ಞೆ ನಮ್ಮ ಕಡೆ ಚಿರಪರಿಚಿತ. ಹಂದಿಗಳಿಗೆ ನೀತಿಸಂಹಿತೆ ಅನ್ವಯವಾಗದೆಂಬ ದೂರೂ ಅಷ್ಟೇ ಚಿರಪರಿಚಿತ. ಮಾವ ಕೋವಿಗೆ ಎಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿ, ಜೀಪಿನಲ್ಲಿ ಮಡಿಲ ಮೇಲಿಟ್ಟುಕೊಂಡು ಹೋದರು. ಠಾಣೆಯ ಯುವಕನು ಚೀಟಿಯಲ್ಲಿ "ಒಂಟಿ ನಳಿಗೆಯ ಕೋವಿ, ಒಂದು" ಎಂದು ಬರೆದನು. ಗಜವನ್ನು ಬರೆಯಲಿಲ್ಲವಲ್ಲ, ಎಂದು ಮಾವ ಆಕ್ಷೇಪಿಸಿದರು. ಹಾಗೆಂದರೇನೆಂದು ಅವನು ಕೇಳಿದ್ದೇ ತಡ, ಮೋಲ್‌ವಿಟ್ಜಿನಿಂದ ಹಲಸಿನ ಮರದವರೆಗಿನ ಸಮಸ್ತ ವೃತ್ತಾಂತವೂ ಹರಿಯಿತು. ಬೆನ್ನ ಹಿಂದೆ ಕೋವಿ ಹೊತ್ತವರ ಸಾಲು ಬಾಗಿಲು ದಾಟಿ ರಸ್ತೆಗೆ ಬಂತು. ಕಡೆಗೆ ಯುವಕನು ಕೈಮುಗಿದು, "ಅಜ್ಜ, ಅದನ್ನು ನೀವೇ ಮನೆಗೆ ತೆಗೆದುಕೊಂಡು ಹೋಗಿ" ಎಂದನು. ಕೋವಿಯಿಲ್ಲದ ಆ ತಿಂಗಳುಗಳಲ್ಲಿ ಮಾವ ಜಗಲಿಯಲ್ಲಿ ಕುಳಿತು ಗಜವೊಂದನ್ನೇ ಉಜ್ಜುತ್ತಿದ್ದರು. ಅವರನ್ನು ಅಷ್ಟು ಸುಖಿಯಾಗಿ ನಾನು ಹಿಂದೆಂದೂ ಕಂಡದ್ದಿಲ್ಲ. ಸಡಿಲವಾಗುವುದಕ್ಕೆ ಎದುರಿಗೆ ಏನೂ ಇರಲಿಲ್ಲ.

ಚುನಾವಣೆ ಮುಗಿದು ಕೋವಿ ಮರಳಿದ ಮೇಲೆ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಂಗಿಯ ಮಗನೊಬ್ಬ ರಜೆಗೆ ಬಂದವನು, ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ, ಹಳೆಯ ಚಪ್ಪಲಿಯ ತೊಗಲನ್ನು ಬೆರಳಗಲ ಕತ್ತರಿಸಿ ಹಿಂದಿನ ಬಳೆಯ ಒಳಮೈಗೆ ಅಂಟಿಸಿಬಿಟ್ಟನು. ಗಜ ಎಳೆದರೆ ಬಂತು, ಬಿಟ್ಟರೆ ನಿಂತಿತು. ಎದ್ದ ಮಾವ ಎಳೆದು ನೋಡಿದರು, ಕೋವಿಯನ್ನು ತಲೆಕೆಳಗೆ ಮಾಡಿ ಕುಲುಕಿ ನೋಡಿದರು, ಮೌನವಾಗಿ ಗೋಡೆಗೆ ತೂಗಹಾಕಿದರು. ರಾತ್ರಿ ಊಟ ಸೇರಲಿಲ್ಲ. ಮಾರನೆಯ ದಿನ ಬೆಳಗಾಗುವಾಗ ಜಗಲಿಯಲ್ಲಿ ಚೂರಿ ಹಿಡಿದು ಕುಳಿತಿದ್ದರು. ಹುಡುಗ ಅದೆಂತ ಮಾಡಿದ್ದಾನೆಂದು ತಿಳಿಯುವುದಕ್ಕಾಗಿ ತೊಗಲನ್ನು ಕಿತ್ತು ನೋಡುತ್ತಿದ್ದರು.

ಆದಕಾರಣ, ಮಂಡೆಕೋಲಿನ ಕಡೆ ಹೋಗುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಯಾವುದೇ ಜಗಲಿಯಲ್ಲಿ ತೊಡೆಯ ಮೇಲೆ ಕೋವಿಯಿಟ್ಟುಕೊಂಡ ಹಿರಿಯರು ಕಂಡರೆ ಬೆಲ್ಲ ನೀರು ಕುಡಿಯಿರಿ, ಅಡಿಕೆಯ ಧಾರಣೆ ವಿಚಾರಿಸಿ, ಹಲಸಿನ ಮರವನ್ನೂ ನೋಡಿ. ಕೋವಿಯನ್ನು ನಿಮ್ಮ ಕೈಗೆ ಕೊಟ್ಟರೆ ನಳಿಗೆಯೊಳಕ್ಕೆ ಗಜವನ್ನು ಇಳಿಬಿಟ್ಟು, ಅದು ಬುಡದವರೆಗೆ ಇಳಿಯಿತೋ, ನಾಲ್ಕು ಬೆರಳು ಮೇಲೆಯೇ ನಿಂತಿತೋ ಎಂದು ಪರೀಕ್ಷಿಸದೆ ಕುದುರೆಯನ್ನು ಮುಟ್ಟಬೇಡಿ. ಮೇಲೆ ನಿಂತರೆ ಒಳಗೆ ಮದ್ದಿದೆಯೆಂದರ್ಥ. ಮತ್ತು ನಿಮ್ಮ ಕಾಲಲ್ಲಿರುವುದು ಎಷ್ಟೇ ಒಳ್ಳೆಯ ತೊಗಲಿನ ಚಪ್ಪಲಿಯಾಗಿರಲಿ, ಗಜವನ್ನು ಬಿಗಿಮಾಡುವ ಉಪಾಯವನ್ನು ದಯವಿಟ್ಟು ಹೇಳಬೇಡಿ.