ಕೇಕಿನ ಚೂರು

ಮೇ 12. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಬೆಂಗಳೂರಿನ ಆ ಖಾಸಗಿ ಟೀಚಿಂಗ್ ಆಸ್ಪತ್ರೆಯಲ್ಲಿ ಕೇಕು ಕತ್ತರಿಸುವ ದಿನ. ನೈಟ್ ಡ್ಯೂಟಿ ಮುಗಿಸಿ ಹೊರಟಿದ್ದ ಸ್ಟಾಫ್ ನರ್ಸನ್ನು ಎಚ್‌ಆರ್ ಮ್ಯಾನೇಜರ್ ಫೋಟೊಗೆಂದು ನಿಲ್ಲಿಸಿಕೊಂಡರು.

“ನೀವೇ ನಮ್ಮ ಬೆನ್ನೆಲುಬು, ಸಿಸ್ಟರ್!”

“ಅದಕ್ಕೇ ನೋಯ್ತಿದೆ, ಸಾರ್. ರಾತ್ರಿ 22 ಪೇಷೆಂಟಿಗೆ ನಾನೊಬ್ಬಳೇ. ಮೂವರಿಗೊಬ್ಬರು ಅಂತಲ್ವಾ ನರ್ಸಿಂಗ್ ಕೌನ್ಸಿಲ್ ಲೆಕ್ಕ?”

“ಇನ್‌ಸ್ಪೆಕ್ಷನ್ ದಿನ ಇದ್ದೇ ಇರ್ತಾರಲ್ಲಮ್ಮ!”

ಸುಳ್ಳಲ್ಲ. ಆವತ್ತು ರಜೆಯಲ್ಲಿದ್ದವರೂ ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಹಾಜರು.

“ಸಂಬಳ? ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿ ಮಾಡಿಸಿದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ 20,000ಕ್ಕೆ ಕಡಿಮೆ ಬೇಡ ಅಂದಿತ್ತು.”

“ಅದು ಬರೀ ಸಲಹೆ. ನಮಗೆ ನಿಮ್ಮ ಸಲಹೆ ಮುಖ್ಯ. ಬರೆದು ಆ ಪೆಟ್ಟಿಗೆಗೆ ಹಾಕಿ.”

ಪೆಟ್ಟಿಗೆಯ ಬೀಗದ ಕೈ ಕಳೆದು ವರ್ಷವಾಗಿತ್ತು.

ಅಷ್ಟರಲ್ಲಿ ವಾರ್ಡಿನಿಂದ ಫೋನು: ರಿಲೀವರ್ ಬಂದಿಲ್ಲ. ಸಿಸ್ಟರ್ ಕೇಕಿನ ಚೂರನ್ನು ಟಿಶ್ಯೂನಲ್ಲಿ ಸುತ್ತಿಕೊಂಡು ಮತ್ತೆ ಮೆಟ್ಟಿಲು ಹತ್ತಿದರು.