ಸರ್ವರ್ ಸಾಹೇಬರಿಗೆ, ಬೇಗೂರಿನಿಂದ

ಮಾನ್ಯ ಸರ್ವರ್ ಸಾಹೇಬರೇ,

ನಿಮ್ಮನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಹದಿನಾಲ್ಕು ತಿಂಗಳಿಂದ ನಿಮ್ಮ ಆರೋಗ್ಯ ವಿಚಾರಿಸಿದಷ್ಟು ನಮ್ಮ ಸೋದರಮಾವನ ಆರೋಗ್ಯವನ್ನೂ ವಿಚಾರಿಸಿಲ್ಲ. ಹೋದಾಗಲೆಲ್ಲ ಒಂದೊಂದು ಸುದ್ದಿ. ಸರ್ವರ್ ಬಿಜಿ, ಸರ್ವರ್ ಸ್ಲೋ, ಸರ್ವರ್ ಡೌನ್. ಇವತ್ತು ಕೌಂಟರಿನ ಹುಡುಗ "ಸರ್ವರ್ ಮಲಗ್ಬಿಟ್ಟಿದೆ ಸಾರ್" ಅಂದ. ಗಂಟೆ ಹನ್ನೊಂದೂಕಾಲು. ಆ ಹೊತ್ತಿಗೆ ನಮ್ಮೂರಲ್ಲಿ ಎಮ್ಮೆಗಳೂ ಎದ್ದಿರುತ್ತವೆ.

ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ನನ್ನ ಫೈಲು ಇನ್ನೂ ನಾಲ್ಕು ಫೈಲಿನ ಕೆಳಗೆ ಹೋಗುತ್ತದೆ. ಇಷ್ಟು ಹೇಳಬಲ್ಲೆ: ಬಾಗಿಲ ಮೇಲೆ "ಸರ್ವರ್ ಇಲ್ಲ" ಎಂಬ ಬೋರ್ಡು ಇದೆ, ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ಒಂದು ದಿನದ ತೊಂದರೆಗೆ ಯಾರಾದರೂ ಲ್ಯಾಮಿನೇಷನ್ ಮಾಡಿಸುತ್ತಾರಾ ಸಾಹೇಬರೇ? ನೀವು ಇಲ್ಲದಿರುವುದು ಕಾಯಂ ಅಂತ ಅವರಿಗೆ ಗೊತ್ತು. ನಮಗೆ ಮಾತ್ರ ಟೋಕನ್ ಕೊಡುತ್ತಾರೆ. ನನ್ನದು 47.

ಆರನೇ ಸಲ ವಾಪಸ್ ಬಂದ ಸಿಟ್ಟಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಮೊದಲು ನಮ್ಮೂರಿನ ಪರಿಚಯ ಮಾಡಿಕೊಡುತ್ತೇನೆ, ನೀವು ಈ ಕಡೆ ಬಂದ ಹಾಗಿಲ್ಲ.

ನಮ್ಮದು ಬೇಗೂರು. ನೆಲಮಂಗಲದ ಹತ್ತಿರದ್ದಲ್ಲ, ಗುಂಡ್ಲುಪೇಟೆ ತಾಲ್ಲೂಕಿನದ್ದೂ ಅಲ್ಲ. ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿ, ಟ್ರಾಫಿಕ್ಕಿನಲ್ಲಿ ಅರ್ಧ ಆಯಸ್ಸು ಕಳೆದು, ಮಿಕ್ಕರ್ಧ ಉಳಿಸಿಕೊಂಡವರಿಗೆ ಸಿಗುವ ಬೇಗೂರು. ಹೆಸರಿನಲ್ಲಿ 'ಬೇಗ' ಇದೆ ಎಂದು ಮೋಸ ಹೋಗಬೇಡಿ. ಬೇಗೂರಲ್ಲಿ ಬೇಗ ಆಗುವುದು ಅಪಾರ್ಟ್‌ಮೆಂಟು ಒಂದೇ.

ಹಳ್ಳಿ ಎಂದರೆ ಅಪಾರ್ಟ್‌ಮೆಂಟಿನವರಿಗೆ ಬೇಜಾರು, ಸಿಟಿ ಎಂದರೆ ನಮಗೇ ನಗು. ಆದರೂ ನಮ್ಮ ಹೆಚ್ಚುಗಾರಿಕೆ ಕಡಿಮೆಯದಲ್ಲ. ಕೆರೆ ಇದೆ. ಹಳೇ ಕೋಟೆಯ ಕುರುಹು ಇದೆ. ನಾಗನಾಥೇಶ್ವರನ ಗುಡಿ ಇದೆ, ಒಂದೇ ಆವರಣದಲ್ಲಿ ಐದು ಲಿಂಗ. ಅದರಲ್ಲಿ ಎರಡು ಗುಡಿ ಗಂಗರ ಕಾಲದವು. ಒಳಗೆ ಛಾವಣಿಯಲ್ಲಿ ಉಮಾಮಹೇಶ್ವರ, ಸುತ್ತ ಅಷ್ಟದಿಕ್ಪಾಲಕರು. ಎಂಟು ದಿಕ್ಕಿಗೂ ಒಬ್ಬೊಬ್ಬ ಅಧಿಕಾರಿ, ಎಂಟೂ ಜನ ಸೀಟಿನಲ್ಲೇ ಇದ್ದಾರೆ. ಸಾವಿರ ವರ್ಷದಲ್ಲಿ ಒಬ್ಬರೂ ಊಟಕ್ಕೆ ಎದ್ದು ಹೋಗಿಲ್ಲ.

ಇನ್ನೊಂದು ಹೆಚ್ಚುಗಾರಿಕೆ ನಿಮ್ಮ ಹೊಟ್ಟೆಯಲ್ಲೇ ಇದೆ. ಕೋರಮಂಗಲ, ಅರೆಕೆರೆ, ಹುಳಿಮಾವು, ಬೊಮ್ಮನಹಳ್ಳಿ, ಯಾವುದಾದರೂ ಹಳೇ ಕ್ರಯಪತ್ರ ತೆಗೆದು ನೋಡಿ. "ಬೇಗೂರು ಹೋಬಳಿ" ಎಂದಿರುತ್ತದೆ. ಕೋಟಿ ಕೊಟ್ಟು ಫ್ಲ್ಯಾಟು ಕೊಂಡವರು ಜನ್ಮದಲ್ಲಿ ಬೇಗೂರಿಗೆ ಕಾಲಿಟ್ಟಿರುವುದಿಲ್ಲ, ಬೇಗೂರು ಮಾತ್ರ ಅವರ ಬೀರುವಿನಲ್ಲಿ ಒಡವೆ ಜೊತೆ ಭದ್ರವಾಗಿ ಕೂತಿರುತ್ತದೆ. ಅದೇ 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೋ ಬಂತು. ಬೊಮ್ಮನಹಳ್ಳಿ, ಹೊಂಗಸಂದ್ರ, ಕೂಡ್ಲು ಗೇಟ್, ಸಿಂಗಸಂದ್ರ, ಎಲ್ಲರ ಹೆಸರೂ ಬೋರ್ಡಿಗೆ ಏರಿತು. ಹೋಬಳಿಯ ಯಜಮಾನನ ಹೆಸರು ಇಲ್ಲ. ಇರಲಿ, ನಾವು ಬೋರ್ಡಿನವರಲ್ಲ, ಕಲ್ಲಿನವರು.

ಕಲ್ಲಿನ ವಿಷಯಕ್ಕೆ ಬಂದೆ. ಇಲ್ಲಿ ಸ್ವಲ್ಪ ಎದ್ದು ಕೂತು ಕೇಳಿ.

ಬೆಂಗಳೂರಿಗೆ ಹೆಸರು ಹೇಗೆ ಬಂತು ಅಂದರೆ ಶಾಲೆ ಮಕ್ಕಳೆಲ್ಲ ಒಂದೇ ಕಥೆ ಹೇಳುತ್ತಾರೆ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಗೆ ಬಂದ, ದಾರಿ ತಪ್ಪಿದ, ಹಸಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಆಯಿತು. ಕಥೆ ರುಚಿಯಾಗಿದೆ, ಉಪ್ಪು ಖಾರ ಸರಿಯಾಗಿದೆ. ಆದರೆ ವೀರಬಲ್ಲಾಳ ಆಳಿದ್ದು ಹನ್ನೆರಡನೇ ಶತಮಾನದ ಕೊನೆಯಲ್ಲಿ. ನಮ್ಮ ಗುಡಿಯ ಕಲ್ಲು ಅದಕ್ಕಿಂತ ಸುಮಾರು ಮುನ್ನೂರು ವರ್ಷ ಮೊದಲೇ, 890ರ ಸುಮಾರಿಗೇ, 'ಬೆಂಗಳೂರು' ಎಂದು ಹೇಳಿಬಿಟ್ಟಿದೆ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅದನ್ನು ಗುರುತಿಸಿದರು. ಕೆಂಪೇಗೌಡರು ಪೇಟೆ ಕಟ್ಟಿದ್ದು 1537ರಲ್ಲಿ. ಅಂದರೆ ಪೇಟೆ ಹುಟ್ಟುವ ಆರೂವರೆ ಶತಮಾನ ಮುಂಚೆ ನಮ್ಮೂರಿನವರು ಹೆಸರು ಕೆತ್ತಿಸಿ ಇಟ್ಟಿದ್ದರು. ಅಜ್ಜಿಯ ಒಲೆಗೆ ಆಗ ಕಲ್ಲೂ ಜೋಡಿಸಿರಲಿಲ್ಲ.

ಆ ಕಲ್ಲಿನಲ್ಲಿ ಇರುವುದು ಹೊಗಳಿಕೆ ಏನಲ್ಲ. ಬೆಂಗಳೂರು ಕಾಳಗದಲ್ಲಿ ನಾಗತ್ತರ ಎಂಬ ಅಧಿಕಾರಿಯ ಕಡೆಯವರು ಸತ್ತ ಸುದ್ದಿ. ಬೆಂಗಳೂರಿನ ಹೆಸರು ಮೊದಲ ಬಾರಿಗೆ ಬರವಣಿಗೆಯಲ್ಲಿ ಬಂದದ್ದೇ ಜಗಳದಲ್ಲಿ. ಬೆಳಗ್ಗೆ ಒಂಬತ್ತಕ್ಕೆ ಬೇಗೂರು ರಸ್ತೆಗೆ ಬಂದರೆ ಆ ಕಾಳಗ ಇನ್ನೂ ಮುಗಿದಿಲ್ಲ ಎಂಬುದು ತಿಳಿಯುತ್ತದೆ.

ಇನ್ನೊಂದು ಕಲ್ಲು ನಮ್ಮೂರಿನದೇ, ಈಗ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಕತ್ತಿ, ಬಿದ್ದವರು, ತುಳಿದವರು, ಬೆರಳಿಡಲು ಜಾಗ ಬಿಡದ ಹಾಗೆ ಕೆತ್ತಿದ ವೀರಗಲ್ಲು. ಇದೇ ನಾಗತ್ತರ ಗಂಗರ ಎರೆಯಪ್ಪನ ಮಾತಿನಂತೆ ಅಯ್ಯಪದೇವನ ಪರವಾಗಿ ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಮೇಲೆ ಕಾದಾಡಿ ಸತ್ತ. ಎರೆಯಪ್ಪ ಏನು ಮಾಡಿದ? ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿದ. ಬೆಂಪೂರು-ಹನ್ನೆರಡು, ಅಂದರೆ ನಮ್ಮ ಬೇಗೂರೂ ಸೇರಿದ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ದತ್ತಿಯಾಗಿ, ಕೊಟ್ಟ. ಹಳ್ಳಿಗಳ ಹೆಸರನ್ನು ಒಂದೊಂದಾಗಿ ಕೆತ್ತಿಸಿದ.

ಸಾಹೇಬರೇ, ಇದಕ್ಕೆ ನಮ್ಮ ಕಡೆ ಪೌತಿ ಖಾತೆ ಎನ್ನುತ್ತಾರೆ.

ಸತ್ತವನ ಹೆಸರು, ಎಲ್ಲಿ ಸತ್ತ, ಯಾರಿಗಾಗಿ ಸತ್ತ, ಈಗ ಯಾರ ಹೆಸರಿಗೆ, ಏನೇನು ಸ್ವತ್ತು, ಎಲ್ಲ ಒಂದೇ ಕಲ್ಲಿನಲ್ಲಿ. ಇರುಗನಿಗೆ ವಂಶವೃಕ್ಷ ತಾ ಎಂದವರಿಲ್ಲ. ಅಫಿಡವಿಟ್ ಕೇಳಿದವರಿಲ್ಲ. ಕರೆಂಟ್ ಬಿಲ್ಲಿನ ಜೆರಾಕ್ಸ್ ಎರಡು ಸೆಟ್ ಕೇಳಿದವರಿಲ್ಲ. ಹನ್ನೊಂದು ಶತಮಾನ ದಾಟಿತು, ಆ ಕಲ್ಲು ಒಂದು ದಿನ ಡೌನ್ ಆಗಿಲ್ಲ. ಮಳೆಯಲ್ಲೂ ಓದಬಹುದು, ಕರೆಂಟು ಹೋದಾಗಲೂ ಓದಬಹುದು. ಹಳಗನ್ನಡ ಬಂದರೆ ಸಾಕು, ಓಟಿಪಿ ಬೇಡ.

ಈಗ ನನ್ನ ಗೋಳು. ನಮ್ಮಪ್ಪ ತೀರಿಕೊಂಡು ಎರಡು ವರ್ಷ. ಆನೆ ಮೇಲೆ ಕೂತು ಸಾಯಲಿಲ್ಲ, ಶುಗರ್ ಜಾಸ್ತಿಯಾಗಿ ಹೋದರು. ಬಿಟ್ಟು ಹೋದದ್ದು ಹನ್ನೆರಡು ಹಳ್ಳಿಯಲ್ಲ, ಮೂರು ಅಂಕಣದ ಒಂದು ಹೆಂಚಿನ ಮನೆ. ಅದನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದೆ. ಹಳೇ ರಿಜಿಸ್ಟರಿನಲ್ಲಿ, ಮಸಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ ನಮ್ಮಪ್ಪನ ಹೆಸರು, ಆಮೇಲೆ 'ಬಿನ್', ಆಮೇಲೆ ತಾತನ ಹೆಸರು ಇದೆ. ಬಿನ್ ಎಂದರೆ ಮಗ. ಅರಬ್ಬಿಯಿಂದ ಬಂದು ನಮ್ಮ ಕಂದಾಯದ ಕಾಗದದಲ್ಲಿ ಮನೆಮಗನೇ ಆಗಿಹೋದ ಪದ. ಹಳ್ಳಿಯ ಹಸುಗೂಸಿಗೂ ಗೊತ್ತು.

ರಿಜಿಸ್ಟರನ್ನು ನಿಮ್ಮ ಹೊಟ್ಟೆಗೆ ಹಾಕುವಾಗ ಯಾರೋ ಪುಣ್ಯಾತ್ಮರು ಅದನ್ನು ಇಂಗ್ಲಿಷಿಗೆ ಹಾಕಿ, ಇಂಗ್ಲಿಷಿನಿಂದ ಮತ್ತೆ ಕನ್ನಡಕ್ಕೆ ತಂದರು. ಹೋಗಿ ಬರುವಷ್ಟರಲ್ಲಿ 'ಬಿನ್' ಹೋಗಿ 'ಬೀನ್ಸ್' ಆಗಿತ್ತು.

ತಮಾಷೆ ಮಾಡುತ್ತಿಲ್ಲ. ಪ್ರಿಂಟು ನನ್ನ ಜೇಬಿನಲ್ಲೇ ಇದೆ. ನಮ್ಮಪ್ಪನ ಹೆಸರು, ಬೀನ್ಸ್, ತಾತನ ಹೆಸರು. ತರಕಾರಿ ಚೀಟಿ ಇದ್ದ ಹಾಗೆ. ಬೆಂದ ಕಾಳಿನ ಕಥೆ ಸುಳ್ಳು ಅಂತ ಜಗತ್ತಿಗೆ ಕಲ್ಲಿನಲ್ಲಿ ಬರೆದು ತೋರಿಸಿದ ಊರು ನಮ್ಮದು. ಅದೇ ಊರಿನ ಖಾತೆಗೆ ತಂದು ಬೀನ್ಸ್ ಸುರಿದಿರಲ್ಲ ಸಾಹೇಬರೇ! ಆ ಅಜ್ಜಿಗೂ ನಿಮಗೂ ಏನಾದರೂ ನೆಂಟಸ್ತಿಕೆಯೇ?

ತಿದ್ದುಪಡಿಗೆ ಅರ್ಜಿ ಕೊಟ್ಟೆ. ಮೊದಲ ಸಲ, ಸರ್ವರ್ ಇಲ್ಲ. ಎರಡನೇ ಸಲ ಸರ್ವರ್ ಇತ್ತು, ಸಾಹೇಬರಿಲ್ಲ. ಮೂರನೇ ಸಲ ಇಬ್ಬರೂ ಇದ್ದರು, ಹೆಬ್ಬೆಟ್ಟಿನ ಮಿಷನ್ ಇಲ್ಲ. ನಾಲ್ಕನೇ ಸಲ ಎಲ್ಲ ಇತ್ತು, ಅವತ್ತು ಜಯಂತಿಯ ರಜೆ ಎಂದು ಗೇಟಿಗೆ ಬೀಗ. ಎದುರಿನ ಜೆರಾಕ್ಸ್ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಕೇಳದೆಯೇ ಆಧಾರ್ ಎರಡು ಕಾಪಿ ತೆಗೆದಿಡುತ್ತಾನೆ. ನಮ್ಮ ಮನೆತನದ ದಾಖಲೆ ನಿಮ್ಮ ಹತ್ತಿರಕ್ಕಿಂತ ಅವನ ಹತ್ತಿರ ಚೆನ್ನಾಗಿದೆ.

ಐದನೇ ಸಲ ಅಮ್ಮನನ್ನೂ ಕರೆದುಕೊಂಡು ಬಾ ಎಂದರು. ಎಪ್ಪತ್ತನಾಲ್ಕು ವರ್ಷ. ಮಂಡಿ ನೋವು. ಮಹಡಿ ಮೆಟ್ಟಿಲು ಇಪ್ಪತ್ತೆರಡು, ನಾನೇ ಎಣಿಸಿದ್ದೇನೆ, ಅಮ್ಮ ಒಂದೊಂದಕ್ಕೂ ನಿಂತರು. ಮೇಲೆ ಇದ್ದದ್ದು ಒಂದೇ ಕುರ್ಚಿ, ಅದರ ಕಾಲಿಗೆ ತಂತಿ ಸುತ್ತಿತ್ತು. ಅಮ್ಮ ಕೂರಲಿಲ್ಲ, ಬಿದ್ದರೆ ಅದಕ್ಕೊಂದು ಅರ್ಜಿ ಕೊಡಬೇಕಲ್ಲ ಎಂದು ಹೆದರಿ ಗೋಡೆಗೆ ಒರಗಿ ನಿಂತರು. ಎರಡು ಗಂಟೆ ಆದ ಮೇಲೆ ಕೌಂಟರಿನವರು ಮರಣ ಪ್ರಮಾಣಪತ್ರವನ್ನೂ ಖಾತೆಯನ್ನೂ ಪಕ್ಕಪಕ್ಕ ಹಿಡಿದು ಹೇಳಿದರು:

"ನೋಡಿ, ನಿಮ್ಮ ತಂದೆ ತೀರ್ಕೊಂಡಿರೋದು ಸರಿ. ಆದ್ರೆ ಖಾತೆಯಲ್ಲಿರೋರು ಇವರೇ ಅಂತ ಹೆಂಗ್ ಹೇಳೋದು? ಹೆಸರು ಮ್ಯಾಚ್ ಆಗ್ತಿಲ್ಲ. ಸಿಸ್ಟಮ್ ಪ್ರಕಾರ ಅವರಿನ್ನೂ ಇದಾರೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು: "ಅಂಗಾದ್ರೆ ಆವಯ್ಯ ಇನ್ನೂ ಬದುಕವ್ರೆ ಅನ್ನು. ಸಿಕ್ಕುದ್ರೆ ವಸಿ ಮನೆ ಕಡೆ ಕಳ್ಸಪ್ಪ. ಎರಡು ವರ್ಸ ಆಯ್ತು."

ಕೌಂಟರಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಇಳಿಯುವಾಗ ಹತ್ತನೇ ಮೆಟ್ಟಿಲಿನಲ್ಲಿ ಅಮ್ಮ ಕೂತುಬಿಟ್ಟರು. ಅವರು ನಕ್ಕಿರಲಿಲ್ಲ.

ಇಲ್ಲಿಂದ ಮುಂದೆ ವ್ಯಂಗ್ಯ ಮಾಡಲು ನನಗೆ ಬರುವುದಿಲ್ಲ. ನಮ್ಮಪ್ಪ ಬೀನ್ಸ್ ಅಲ್ಲ ಸ್ವಾಮಿ. ಒಬ್ಬ ಮನುಷ್ಯ. ಅವನಿಗೊಬ್ಬ ಅಪ್ಪ ಇದ್ದ. ಆ ಎರಡು ಹೆಸರಿನ ಮಧ್ಯೆ ಇದ್ದದ್ದು ಎರಡೇ ಅಕ್ಷರ, ಅದನ್ನು ಕೆಡಿಸಿದ್ದು ನಾವಲ್ಲ. ಕೆಡಿಸುವುದಕ್ಕೆ ನಿಮಗೆ ಒಂದು ಅರೆಗಳಿಗೆ ಸಾಕಾಯಿತು, ಸರಿ ಮಾಡುವುದಕ್ಕೆ ನಾವು ಮಂಡಿ ಸವೆಸಬೇಕು, ಪ್ರಮಾಣ ಮಾಡಬೇಕು, ಛಾಪಾ ಕಾಗದಕ್ಕೆ ದುಡ್ಡು ಕಟ್ಟಬೇಕು, "ನನ್ನ ತಂದೆ ತರಕಾರಿಯಾಗಿರುವುದಿಲ್ಲ" ಎಂದು ನೋಟರಿ ಮುಂದೆ ಸಹಿ ಹಾಕಬೇಕು. ತಪ್ಪು ನಿಮ್ಮದು, ದಂಡ ನಮ್ಮದು. ಕೇಳಿದರೆ ನಿಮ್ಮ ಹೆಸರು ಹೇಳುತ್ತಾರೆ. ನಿಮಗೆ ಮುಖ ಇಲ್ಲ, ಬೈಯುವುದಕ್ಕೂ ಸಿಗುವುದಿಲ್ಲ. ಹೋಟೆಲಿನ ಸರ್ವರ್ ಆದರೆ ಇಡ್ಲಿ ಬದಲು ವಡೆ ತಂದಿಟ್ಟರೆ ಎದುರಿಗೆ ನಿಂತು ಕೇಳಬಹುದು. ಅವನು ಬೈಸಿಕೊಂಡಾದರೂ ಬದಲಾಯಿಸುತ್ತಾನೆ.

ಇರಲಿ. ಇವತ್ತು ಆರನೇ ಸಲ. ಸರ್ವರ್ ಮಲಗಿದೆ ಎಂದ ಮೇಲೆ ಮನೆಗೆ ಹೋಗಲು ಮನಸ್ಸಾಗಲಿಲ್ಲ, ಗುಡಿಗೆ ಹೋದೆ. ಕಲ್ಲಿನ ಮುಂದೆ ನಿಂತೆ. ಅಕ್ಷರ ಸವೆದಿವೆ, ಮಾಸಿವೆ, ಆದರೂ ಇವೆ. ಕೆತ್ತಿದವನ ಹೆಸರು ನನಗೆ ಗೊತ್ತಿಲ್ಲ. ಉಳಿ ಹಿಡಿದವನು ಒಂದು ಅಕ್ಷರ ತಪ್ಪಿದರೆ ಅಳಿಸಿ ಬರೆಯಲಾಗದು, ಆದ್ದರಿಂದ ಕೆತ್ತುವ ಮುಂಚೆ ಒಂದು ಸಲ ಕೇಳಿರುತ್ತಾನೆ: ಹೆಸರು ಏನೆಂದಿರಿ? ಇನ್ನೊಂದು ಸಲ ಹೇಳಿ. ನಿಮಗೆ ಎಷ್ಟು ಸಲ ಬೇಕಾದರೂ ಅಳಿಸಿ ಬರೆಯಬಹುದು, ಅದಕ್ಕೇ ಒಂದು ಸಲವೂ ಕೇಳಲಿಲ್ಲ.

ಒಂದು ಸಮಾಧಾನ ಮಾತ್ರ ಇದೆ. ನಮ್ಮ ಕಲ್ಲು 890ರ ಸುಮಾರಿಗೆ ಸರಿಯಾಗಿ ಬರೆದ 'ಬೆಂಗಳೂರು' ಎಂಬ ಹೆಸರನ್ನು ಸರ್ಕಾರ ಇಂಗ್ಲಿಷಿನಲ್ಲಿ ಸರಿ ಮಾಡಿದ್ದು 2014ರ ನವೆಂಬರ್ ಒಂದರಂದು. ಹೆಸರು ತಿದ್ದುಪಡಿಗೆ ಹಿಡಿದದ್ದು ಸುಮಾರು 1,124 ವರ್ಷ. ಹಾಗೆ ನೋಡಿದರೆ ನನ್ನ ಅರ್ಜಿಗೆ ಇನ್ನೂ ಹದಿನಾಲ್ಕೇ ತಿಂಗಳು. ಬೇಗೂರಿನ ಲೆಕ್ಕದಲ್ಲಿ ಇದು ಬೇಗವೇ.

ನಾಳೆ ಮತ್ತೆ ಬರುತ್ತೇನೆ. ಆದರೆ ಅಮ್ಮನನ್ನು ಕರೆತರುವುದಿಲ್ಲ, ಹೆಬ್ಬೆಟ್ಟು ಬೇಕಾದರೆ ನೀವೇ ಮೆಟ್ಟಿಲಿಳಿದು ಬನ್ನಿ. ನಮ್ಮ ಮನೆ ಸಿಗುವುದು ಸುಲಭ. ಯಾರನ್ನಾದರೂ "ಬೀನ್ಸ್ ಮನೆ ಎಲ್ಲಿ" ಎಂದು ಕೇಳಿ. ಜೆರಾಕ್ಸ್ ಅಂಗಡಿಯವನ ದಯೆಯಿಂದ ಈಗ ಇಡೀ ಕೇರಿಗೆ ಅದೇ ಗುರುತು.

ಇಂತಿ ತಮ್ಮ ವಿಶ್ವಾಸಿ,
ಟೋಕನ್ ನಂಬರ್ 47
(ನಾಳೆ ಬೇರೆ ನಂಬರ್)
ಬೇಗೂರು, ಬೇಗೂರು ಹೋಬಳಿ

ಮರೆತಿದ್ದೆ: ಈ ಪತ್ರ ಬರೆಯುತ್ತಿರುವಾಗಲೇ ಅಮ್ಮ ಊಟಕ್ಕೆ ಕರೆದರು. ಮುದ್ದೆ, ಬಸ್ಸಾರು, ತಟ್ಟೆಯ ತುದಿಗೆ ಉಳ್ಳೀಕಾಯಿ ಪಲ್ಯ. ಬಡಿಸಿ, ಮುಖ ನೋಡದೆ, "ತಗೋ, ನಿನ್ ವಂಶವೃಕ್ಷ" ಅಂದರು. ಎರಡನೇ ಸಲ ಹಾಕಿಸಿಕೊಂಡೆ.