ದೊಗಳೆ ಸ್ವೆಟರ್ ಮೀಮಾಂಸೆ

ಯಾವ ಶಾಸ್ತ್ರ ಹೇಳಹೊರಟರೂ ಅದರ ವಿಷಯವೇನು, ಅಧಿಕಾರಿ ಯಾರು, ಪ್ರಯೋಜನವೇನು ಎಂದು ಮೊದಲೇ ಹೇಳಿಬಿಡುವುದು ಹಿರಿಯರ ಪದ್ಧತಿ. ಪದ್ಧತಿ ಮೀರುವ ಧೈರ್ಯ ನಮಗಿಲ್ಲ. ವಿಷಯ: ತೊಟ್ಟವರ ಮೈಗಿಂತ ಕನಿಷ್ಠ ಎರಡು ಸೈಜು ದೊಡ್ಡದಾದ, ಉಲ್ಲನ್ನಿನಲ್ಲಿ ಹೆಣೆದ ಸ್ವೆಟರ್. ಅಧಿಕಾರಿ: ತೋಳು ಮಡಚದೆ ಊಟಕ್ಕೆ ಕೂತು, ತೋಳಿನ ತುದಿಯನ್ನು ಒಮ್ಮೆಯಾದರೂ ಸಾರಿನಲ್ಲಿ ಅದ್ದಿಕೊಂಡವರು. ಮಿಕ್ಕವರು ಓದಬಹುದು, ವಾದಕ್ಕೆ ಬರಬಾರದು. ಪ್ರಯೋಜನ: ಚಳಿಗಾಲದಲ್ಲಿ ಬೆಚ್ಚಗೆ, ಬಸ್ಸಿನಲ್ಲಿ ದಿಂಬು.

ಲಕ್ಷಣ ಹೇಳುವುದೇ ತೊಡಕಿನ ಕೆಲಸ. 'ಅಳತೆಗಿಂತ ದೊಡ್ಡದಾದದ್ದು ದೊಗಳೆ' ಎಂದರೆ ಅತಿವ್ಯಾಪ್ತಿ ದೋಷ. ಟೈಫಾಯಿಡ್ ಬಂದು ಸೊರಗಿದವನ ಸರಿಯಳತೆಯ ಸ್ವೆಟರೂ ಅದರೊಳಗೆ ಬಂದು ಕೂರುತ್ತದೆ. 'ಓವರ್‌ಸೈಜ್ ಎಂಬ ಚೀಟಿ ಅಂಟಿಸಿ ಅಂಗಡಿಯಲ್ಲಿ ಮಾರುವಂಥದು' ಎಂದರೆ ಅವ್ಯಾಪ್ತಿ. ಅಣ್ಣನಿಂದ ತಮ್ಮನಿಗೆ, ತಮ್ಮನಿಂದ ಚಿಕ್ಕಪ್ಪನ ಮಗನಿಗೆ ಇಳಿದುಬಂದ, ನಿಜಾರ್ಥದಲ್ಲಿ ದೊಗಳೆಯಾದ ಸ್ವೆಟರು ಹೊರಗೇ ಉಳಿಯುತ್ತದೆ. ಎರಡನ್ನೂ ತಳ್ಳಿಹಾಕಿ ನಾವು ಹೇಳುವ ಸಿದ್ಧಾಂತ ಇದು: ದೊಗಳೆ ಸ್ವೆಟರ್ ಎಂದರೆ, ಸದ್ಯಕ್ಕೆ ಅದರೊಳಗಿಲ್ಲದ ಇನ್ನೊಬ್ಬರ ಅಳತೆಯ ಸ್ವೆಟರ್. ಆ ಇನ್ನೊಬ್ಬರು ಗಂಡನಾಗಿರಬಹುದು, ಸೋದರಮಾವನಾಗಿರಬಹುದು. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಆ ಇನ್ನೊಬ್ಬರು, ಎರಡು ವರ್ಷ ಕಳೆದಮೇಲಿನ ಅದೇ ಹುಡುಗ.

ಇದಕ್ಕೆ ಪ್ರಮಾಣ ಬೇಕಾದವರು ಚಳಿಗಾಲ ಕಾಲಿಡುವ ಹೊತ್ತಿಗೆ ಟಿಬೆಟಿಯನ್ನರ ಸ್ವೆಟರ್ ಅಂಗಡಿಗೆ ಹೋಗಬೇಕು. 1960ರ ದಶಕದ ಮೊದಲಲ್ಲಿ ಬೈಲಕುಪ್ಪೆಯಲ್ಲೂ ಆಮೇಲೆ ಮುಂಡಗೋಡಿನಲ್ಲೂ ನೆಲೆಸಿದ ಟಿಬೆಟಿಯನ್ ನಿರಾಶ್ರಿತರು ಬೇಸಾಯದ ಜೊತೆಗೆ ಹಿಡಿದ ಕಸುಬು ಈ ಚಳಿಗಾಲದ ವ್ಯಾಪಾರ. ಹಿಮಾಲಯದ ಹೆಣಿಗೆ ಎಂದು ನಾವು ಭಕ್ತಿಯಿಂದ ಕೊಳ್ಳುವ ಮಾಲಿನ ಬಹುಪಾಲು ಪಂಜಾಬಿನ ಲುಧಿಯಾನದ ಕಾರ್ಖಾನೆಗಳದ್ದು ಎಂಬುದು ಬೇರೆ ಮಾತು. ಭಕ್ತಿಗೆ ಅದರಿಂದ ಚ್ಯುತಿಯಿಲ್ಲ. ತಗಡಿನ ಮಳಿಗೆಯ ಮುಂದೆ ಹುಡುಗನನ್ನು ಬೆನ್ನು ತಿರುಗಿಸಿ ನಿಲ್ಲಿಸಲಾಗುತ್ತದೆ. ಅಂಗಡಿಯಾಕೆ ಸ್ವೆಟರಿನ ಎರಡೂ ಭುಜ ಹಿಡಿದು ಅವನ ಬೆನ್ನಿಗೆ ಒತ್ತಿ ಅಳೆಯುತ್ತಾಳೆ. ಆಗ ನಡೆಯುವ ಶಾಸ್ತ್ರಾರ್ಥ ಹೀಗಿರುತ್ತದೆ:

'ಇದು ಸರಿಯಾಗಿ ಕೂರ್ತದೆ ಅಮ್ಮ.'

'ಸರಿಯಾಗಿ ಕೂರೋದು ಯಾಕಕ್ಕಾ? ಬೆಳೆಯೋ ಹುಡುಗ. ಇನ್ನೂ ದೊಡ್ಡದು ತೋರ್ಸಿ.'

'ಅಮ್ಮಾ, ಮಂಡಿ ತನಕ ಬಂತು ನೋಡು.'

'ನೀನು ಸುಮ್ನೆ ನಿಲ್ಲೋ. ಮುಂದಿನ ವರ್ಷ ಸರಿಹೋಗ್ತದೆ.'

ಮುಂದಿನ ವರ್ಷ ಸರಿಹೋಗುವುದಿಲ್ಲ. ಅದರ ಮುಂದಿನ ವರ್ಷ ಸರಿಹೋಗುವ ಹೊತ್ತಿಗೆ ಮೊಣಕೈ ತೂತಾಗಿರುತ್ತದೆ. ಹೀಗೆ ಒಂದು ಸ್ವೆಟರ್ ತನ್ನ ಅಳತೆಯ ಮನುಷ್ಯನನ್ನು ಜೀವಮಾನದಲ್ಲಿ ಒಮ್ಮೆಯೂ ಸಂಧಿಸದೆ ನೆಲ ಒರೆಸುವ ಬಟ್ಟೆಯಾಗುವುದು ನಮ್ಮಲ್ಲಿ ತೀರ ಮಾಮೂಲು. ಅಮೆರಿಕದ ಕಾಲೇಜು ಹುಡುಗಿಯರು 1940ರ ದಶಕದಲ್ಲಿ ಸ್ಲಾಪಿ ಜೋ ಎಂಬ ಜೋಲು ಸ್ವೆಟರು ಹಾಕಿಕೊಂಡು ಹಿರಿಯರ ಕಣ್ಣು ಕೆಂಪಗೆ ಮಾಡಿದ್ದನ್ನು ಫ್ಯಾಷನ್ ಇತಿಹಾಸಕಾರರು ಕ್ರಾಂತಿ ಎಂದು ಬರೆಯುತ್ತಾರೆ. ನಮ್ಮಲ್ಲಿ ಇದೇ ಕ್ರಾಂತಿಯನ್ನು ಹಿರಿಯರೇ ಮುಂದೆ ನಿಂತು, ಚೌಕಾಸಿ ಮಾಡಿ, ಬಲವಂತವಾಗಿ ಮಾಡಿಸಿದರು.

ಇನ್ನು ಸುಖದ ವಿಚಾರ. ಬೆಚ್ಚಗಿಡುವುದು ಉಲ್ಲನ್ನಲ್ಲ, ಅದರೊಳಗೆ ಸಿಕ್ಕಿಬಿದ್ದ ಗಾಳಿ. ಕುರಿಯ ಕೂದಲು ಸುರುಳಿಸುರುಳಿಯಾಗಿರುವುದರಿಂದ ಎಳೆಯ ನಡುವೆ ಗಾಳಿ ಅಲುಗಾಡದೆ ನಿಲ್ಲುತ್ತದೆ, ನಿಂತ ಗಾಳಿ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಗಾದರೆ ಸ್ವೆಟರು ದೊಡ್ಡದಾದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಸುಖ ಹೆಚ್ಚು ಎಂದು ಪೂರ್ವಪಕ್ಷದವರು ಕುಣಿಯುತ್ತಾರೆ. ಕುಣಿದರೇ ತೊಂದರೆ. ಸಡಿಲು ಮಿತಿಮೀರಿದರೆ ಹೆಜ್ಜೆಹೆಜ್ಜೆಗೂ ಸ್ವೆಟರು ಕಮ್ಮಾರನ ತಿದಿಯ ಹಾಗೆ ಉಬ್ಬಿ ಕುಗ್ಗಿ, ಬೆಚ್ಚನೆಯ ಗಾಳಿಯನ್ನು ಕೊರಳಿಂದ ಆಚೆ ದಬ್ಬಿ ತಣ್ಣನೆಯದನ್ನು ಕೆಳಗಿನಿಂದ ಎಳೆದುಕೊಳ್ಳುತ್ತದೆ. ಆದಕಾರಣವೇ ಅಂಚಿಗೂ ಮುಂಗೈಗೂ ಒಂದು ಸೀದಾ ಒಂದು ಉಲ್ಟಾ ಹೆಣೆದ, ಎಳೆದರೆ ಬಿಟ್ಟು ಮತ್ತೆ ಮೈಗೆ ಕಚ್ಚುವ ಪಟ್ಟಿ. ದೊಗಳೆ ಸ್ವೆಟರು ಮಧ್ಯದಲ್ಲಿ ಎಷ್ಟು ಉದಾರಿಯಾದರೂ ತುದಿಯಲ್ಲಿ ಜಿಪುಣನಾಗಿರಬೇಕು. ಅಂಚಿನ ಪಟ್ಟಿ ಸಡಿಲಾದ ಸ್ವೆಟರನ್ನು ನಾವು ಉಡುಪೆಂದು ಒಪ್ಪುವುದಿಲ್ಲ, ಅದು ಪರದೆ.

ಬಟ್ಟೆಯ ಬಿಸುಪಿಗೂ ಒಂದು ಮಾನ ಉಂಟು. 1941ರಲ್ಲಿ ವಿಜ್ಞಾನಿಗಳು ಅದಕ್ಕೆ ಕ್ಲೋ ಎಂದು ಹೆಸರಿಟ್ಟರು. 21 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿ ಸುಮ್ಮನೆ ಕೂತ ಮನುಷ್ಯನಿಗೆ ಸಾಕೆನಿಸುವಷ್ಟು ಬಟ್ಟೆ, ಅಂದರೆ ಹೆಚ್ಚುಕಡಿಮೆ ಪೂರಾ ಒಂದು ಸೂಟು, ಒಂದು ಕ್ಲೋ. ಬರಿಮೈ ಸೊನ್ನೆ. ದಪ್ಪ ಸ್ವೆಟರೊಂದು ಅದರ ಮೂರನೇ ಒಂದು ಭಾಗದಷ್ಟು. ಬೆಂಗಳೂರಿಗೆ ಇಷ್ಟಾದರೂ ಬೇಕೇ ಎಂದು ಉತ್ತರ ಭಾರತದ ಗೆಳೆಯರು ನಗುತ್ತಾರೆ. ಅವರ ಬಾಯಿ ಮುಚ್ಚಿಸಲು ನಮ್ಮ ಬಳಿ ಒಂದೇ ಅಸ್ತ್ರ: 1884ರ ಜನವರಿ 13ರಂದು ಇದೇ ಊರಿನಲ್ಲಿ 7.8 ಡಿಗ್ರಿ ದಾಖಲಾಗಿದೆ. ಅಂಥ ಚಳಿ ಆಮೇಲೆ ಬಂದಿಲ್ಲ ಎಂಬುದನ್ನು ವಾದದ ನಡುವೆ ಹೇಳಬೇಕಾಗಿಲ್ಲ.

ವಾಸ್ತವದಲ್ಲಿ ಬೆಂಗಳೂರಿನ ಚಳಿಗಾಲ ಬರುವುದು ಏಪ್ರಿಲ್‌ನಲ್ಲಿ, ಕಚೇರಿಯ ಎಸಿಯಿಂದ. ಇಲ್ಲಿಯೂ ನಮ್ಮ ಸಿದ್ಧಾಂತಕ್ಕೆ ಬಲ ಬರುತ್ತದೆ. ಕಟ್ಟಡಗಳ ತಂಪಿನ ಲೆಕ್ಕಾಚಾರ ಹಳೆಯದು, ಅದರಲ್ಲಿ ಮೈಶಾಖಕ್ಕೆ ಹಿಡಿದ ಅಳತೆ 40 ವರ್ಷದ, 70 ಕಿಲೊ ತೂಕದ ಗಂಡಸಿನದು ಎಂದು ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿಕೊಟ್ಟರು. ಹೆಂಗಸರ ಮೈ ಅಷ್ಟು ಶಾಖ ಹುಟ್ಟಿಸುವುದಿಲ್ಲ. ಅಂದಮೇಲೆ ಕುರ್ಚಿಯ ಬೆನ್ನಿಗೆ ವರ್ಷವಿಡೀ ನೇತುಬಿದ್ದಿರುವ ಆ ಬೂದುಬಣ್ಣದ ಸ್ವೆಟರಿನ ರಹಸ್ಯ ಬಯಲಾಯಿತು: ಯಾವನೋ ಒಬ್ಬನ ಅಳತೆಯ ಚಳಿಯನ್ನು ಇನ್ಯಾವನೋ ಒಬ್ಬನ ಅಳತೆಯ ಸ್ವೆಟರಿನಿಂದ ಎದುರಿಸಲಾಗುತ್ತಿದೆ.

ಈಗ ಅಲಂಕಾರ ಪ್ರಕರಣ. ಹುಡುಗಿಯರ ಮತ ಸರಳ. ಮೇಲೆ ದೊಗಳೆಯಿದ್ದರೆ ಕೆಳಗೆ ಬಿಗಿ ಇರಲಿ. ಮುಂದಿನ ಅಂಚನ್ನಷ್ಟೇ ಒಂದು ಚೂರು ಜೀನ್ಸಿನೊಳಗೆ ಸಿಕ್ಕಿಸಿ ಉಳಿದದ್ದನ್ನು ಬಿಟ್ಟುಬಿಡಿ, ಸೊಂಟ ಎಲ್ಲಿದೆ ಎಂಬ ಸುಳಿವು ನೋಡುವವರಿಗೆ ಸಿಗಬೇಕು. ತೋಳು ಅಂಗೈ ದಾಟಿ ಬೆರಳ ತುದಿ ಮಾತ್ರ ಕಾಣಲಿ. ಇದರಲ್ಲಿ ತಕರಾರಿಗೆ ಎಡೆಯಿಲ್ಲ. ಮೊಬೈಲಿನ ಪರದೆ ಒರೆಸಲು ಕರವಸ್ತ್ರ ಬೇಕಾಗುವುದಿಲ್ಲ ಎಂಬುದು ಹೆಚ್ಚಿನ ಲಾಭ.

ಮತಭೇದ ಹುಟ್ಟುವುದು ಸೀರೆಯ ಮೇಲೆ. ತಲೆಯಿಂದ ಎಳೆದುಕೊಳ್ಳುವ ಸ್ವೆಟರು ಸೀರೆಯುಟ್ಟವರಿಗೆ ನಿಷಿದ್ಧ. ಬಾಚಿ ಹೆಣೆದ ಜಡೆ, ಜಡೆಗೆ ಮುಡಿದ ಮಲ್ಲಿಗೆ, ಕಿವಿಯ ಓಲೆ, ಕನ್ನಡಕ, ಇಷ್ಟನ್ನೂ ಒಂದು ಕೊರಳಿನ ತೂತಿನಿಂದ ಹಾಯಿಸಿದರೆ ಹೊರಗೆ ಬರುವ ತಲೆ ಒಳಗೆ ಹೋದದ್ದೇ ಎಂದು ಗುರುತು ಹಿಡಿಯಲಾಗದು. ಓಲೆಯ ಕೊಕ್ಕೆ ಒಂದು ಎಳೆಗೆ ಸಿಕ್ಕಿಕೊಂಡರಂತೂ ತೊಟ್ಟವರು ಕತ್ತಲಲ್ಲೇ ಮೊಮ್ಮಗಳನ್ನು ಕೂಗಬೇಕಾಗುತ್ತದೆ. ಆದ್ದರಿಂದ ಮುಂದೆ ಗುಂಡಿಯಿರುವ ಸ್ವೆಟರೇ ವಿಹಿತ. ಇಲ್ಲಿಯವರೆಗೆ ಎಲ್ಲರೂ ಒಂದೇ. ಆಮೇಲೆ ಕೇಳುವ ಪ್ರಶ್ನೆಗೆ ಸಂಸಾರಗಳು ಒಡೆದಿವೆ: ಸೆರಗು ಒಳಗೋ, ಹೊರಗೋ?

ಅಂತಃಸೆರಗು ಪಂಥದವರು ಸೆರಗನ್ನು ಹೊದ್ದು ಅದರ ಮೇಲೆ ಸ್ವೆಟರು ತೊಡುತ್ತಾರೆ. ಸೆರಗಿನ ತುದಿ ಹಿಂದಿನಿಂದ ಸ್ವೆಟರಿನ ಕೆಳಗೆ ಒಂದು ಗೇಣು ಇಣುಕುತ್ತದೆ. ಸೆರಗು ಜಾರುವುದಿಲ್ಲ, ಬೆನ್ನು ಬೆಚ್ಚಗಿರುತ್ತದೆ, ಬೆಳಗಿನ ಹಾಲು ತರಲು ಇಷ್ಟು ಸಾಕು. ಬಹಿಃಸೆರಗು ಪಂಥದವರ ಆಕ್ಷೇಪ ಗಂಭೀರವಾದದ್ದು: ಜರಿಯಂಚಿಗೆಂದು ಅಷ್ಟು ದುಡ್ಡು ಸುರಿದು ಮೊಳಕಾಲ್ಮೂರು ಸೀರೆ ಉಟ್ಟು, ಅದರ ಸೆರಗನ್ನೇ ಅಕ್ರಿಲಿಕ್ಕಿನೊಳಗೆ ಹೂತುಹಾಕುವುದೇ? ಅವರು ಸ್ವೆಟರನ್ನು ರವಿಕೆಯ ಮೇಲೆ ತೊಟ್ಟು, ಗುಂಡಿ ಹಾಕಿ, ಅದರ ಮೇಲಿಂದ ಸೆರಗು ಹಾಯಿಸುತ್ತಾರೆ. ನೋಡಲು ಲಕ್ಷಣ. ಆದರೆ ಸ್ವೆಟರು ದೊಗಳೆಯಾದಾಗ ಸೆರಗಿನ ಕೆಳಗೆ ಅದು ಮುದ್ದೆಯಾಗಿ, ಎಡಭುಜದಲ್ಲೊಂದು ಗುಡ್ಡ ಎದ್ದು, ಮದುವೆಯ ಫೋಟೊದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಗುಡ್ಡಕ್ಕೆ ಹೆದರಿ ಸ್ವೆಟರು ಬಿಟ್ಟು ಹೋದವರು ಮುಹೂರ್ತ ಬೆಳಗಿನ ಐದೂವರೆಗೆ ಎಂಬುದನ್ನು ಮರೆತಿರುತ್ತಾರೆ. ನಮ್ಮ ತೀರ್ಪು: ಹಾಲಿನ ಬೂತಿಗೆ ಒಳಗೆ, ಛತ್ರಕ್ಕೆ ಹೊರಗೆ. ಗಂಡಿನ ಕಡೆಯವರಾದರೆ ಸ್ವೆಟರು ಬಿಟ್ಟು ಶಾಲು.

ಗುಂಡಿಯ ಸ್ವೆಟರಿನ ವಂಶಾವಳಿಯನ್ನು ಹುಡುಕಿದರೆ ಯುದ್ಧಭೂಮಿಗೆ ತಲುಪುತ್ತೇವೆ. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬಾಲಕ್ಲಾವಾದಲ್ಲಿ ರಷ್ಯದ ಫಿರಂಗಿಗಳ ಬಾಯಿಗೆ ಕುದುರೆಪಡೆ ನುಗ್ಗಿಸಿದವನು ಕಾರ್ಡಿಗನ್‌ನ ಏಳನೇ ಅರ್ಲ್. ಸ್ವೆಟರಿಗೆ ಅವನ ಹೆಸರು. ಅವನ ಮೇಲಿನ ದಂಡನಾಯಕ ಲಾರ್ಡ್ ರ‍್ಯಾಗ್ಲನ್, 1815ರ ವಾಟರ್ಲೂ ಕಾಳಗದಲ್ಲಿ ಬಲಗೈ ಕಳೆದುಕೊಂಡವನು. ಕೊರಳಿನಿಂದಲೇ ಓರೆಯಾಗಿ ಇಳಿಯುವ, ಭುಜದ ಮೇಲೆ ಹೊಲಿಗೆಯೇ ಇಲ್ಲದ ತೋಳಿಗೆ ಅವನ ಹೆಸರು. ಭುಜ ಎಲ್ಲಿದ್ದರೂ ಹೊಂದಿಕೊಳ್ಳುವ ಆ ತೋಳೇ ಇಂದಿನ ಎಷ್ಟೋ ದೊಗಳೆ ಸ್ವೆಟರುಗಳ ಮಾನ ಕಾಯುತ್ತಿದೆ. ಮತ್ತೆ ಆ ಚಳಿಯಲ್ಲಿ ಸೈನಿಕರು ಮುಖ ಮುಚ್ಚಿಕೊಂಡ ಉಲ್ಲನ್ ಟೋಪಿಗೆ ಊರಿನದೇ ಹೆಸರು ಬಾಲಕ್ಲಾವಾ. ನಮ್ಮ ಮಂಕಿ ಕ್ಯಾಪ್ ಅದರ ಪೈಕಿಯೇ. ಬೆಳಗಿನ ಜಾವ ಲಾಲ್‌ಬಾಗಿನಲ್ಲಿ ಕಾರ್ಡಿಗನ್ನು, ಮಂಕಿ ಕ್ಯಾಪು ಏರಿಸಿ ಬಿರುಸಾಗಿ ಕೈಬೀಸಿ ಬರುವ ನಿವೃತ್ತ ಹಿರಿಯರನ್ನು ಕಂಡಾಗ ದಾರಿ ಬಿಡುವುದು ಕ್ಷೇಮ. ಅವರ ಮೈಮೇಲೆ ಇರುವುದು ಪೂರಾ ಒಂದು ದಂಡಯಾತ್ರೆ.

ಐರ್ಲೆಂಡಿನ ಆರನ್ ದ್ವೀಪಗಳ ಹಗ್ಗದ ಹೆಣಿಗೆಯ ಸ್ವೆಟರಿನ ಬಗ್ಗೆ ಹೇಳುವ ಕಥೆಯನ್ನೂ ಇಲ್ಲೇ ಮುಗಿಸಿಬಿಡೋಣ. ಒಂದೊಂದು ಮನೆತನಕ್ಕೂ ಒಂದೊಂದು ಹೆಣಿಗೆ, ಮುಳುಗಿ ಸತ್ತ ಬೆಸ್ತನನ್ನು ಅದರಿಂದ ಗುರುತಿಸುತ್ತಿದ್ದರು ಎಂಬುದು ಮಾರಾಟಕ್ಕೆ ಚೆನ್ನಾಗಿ ಒದಗಿದ ಕಟ್ಟುಕಥೆ. 1904ರಲ್ಲಿ ರಂಗಕ್ಕೆ ಬಂದ ಜೆ. ಎಂ. ಸಿಂಜ್‌ನ 'ರೈಡರ್ಸ್ ಟು ದ ಸೀ' ನಾಟಕದಲ್ಲಿ ಗುರುತು ಸಿಗುವುದು ಕಾಲುಚೀಲದಲ್ಲಿ ಬಿಟ್ಟುಹೋದ ಕುಣಿಕೆಗಳಿಂದ. ನಮ್ಮ ಮನೆಗಳಲ್ಲಿ ಇಂಥ ಗುರುತು ಕೆಲಸಕ್ಕೆ ಬಾರದು. ಸ್ವೆಟರು ನೋಡಿ ಗುರುತು ಹಿಡಿದರೆ ಸಿಗುವುದು ದೊಡ್ಡಪ್ಪ, ಒಳಗಿರುವುದು ಪಿಯುಸಿ ಹುಡುಗ.

ಕಂಬಳಿಯ ಮಾತೆತ್ತದೆ ಮುಂದೆ ಹೋದರೆ ಕುರುಬರು ಕ್ಷಮಿಸುವುದಿಲ್ಲ. ದಖನಿ ಕುರಿಯ ಒರಟು ಉಣ್ಣೆ ನೂತು, ಹುಣಸೆಬೀಜದ ಗಂಜಿ ಬಳಿದು ನೇಯ್ದ ಕರಿಕಂಬಳಿಯನ್ನು ಮಲೆನಾಡಿನವರು ಕೊಪ್ಪೆ ಮಾಡಿ ತಲೆಯಿಂದ ಇಳಿಬಿಟ್ಟರೆ ಮಳೆ, ಚಳಿ, ಸಾಲಗಾರ ಮೂರೂ ಹತ್ತಿರ ಸುಳಿಯುತ್ತಿರಲಿಲ್ಲ. ಅದಕ್ಕೆ ತೋಳಿಲ್ಲ, ಕೊರಳಿಲ್ಲ, ಸೈಜೇ ಇಲ್ಲ. ಯಾರ ಅಳತೆಯೂ ಅಲ್ಲದ್ದರಿಂದ ಎಲ್ಲರಿಗೂ ಸರಿ. ಆದರೆ ಅದು ನೇಯ್ಗೆ, ಹೆಣಿಗೆಯಲ್ಲ. ಶಾಸ್ತ್ರಕ್ಕೊಂದು ಮೇರೆ ಇರಬೇಕಾದ್ದರಿಂದ ನಮಸ್ಕರಿಸಿ ಬದಿಗೆ ಸರಿಯುತ್ತೇವೆ.

ಉಳಿದದ್ದು ಒಗೆತ. ಸ್ವೆಟರುಗಳಲ್ಲಿ ಹುಟ್ಟಾ ದೊಗಳೆ, ಕರ್ಮದಿಂದ ದೊಗಳೆ ಎಂದು ಎರಡು ಬಗೆ. ನೀರು ಕುಡಿದು ಭಾರವಾದ ಸ್ವೆಟರನ್ನು ಹಿಂಡದೆ ತಂತಿಗೆ ತೂಗುಹಾಕಿದರೆ ಅದು ತನ್ನ ಭಾರಕ್ಕೆ ತಾನೇ ಜಗ್ಗಿ, ಸಂಜೆ ಹೊತ್ತಿಗೆ ಎರಡನೇ ಬಗೆಗೆ ಸೇರುತ್ತದೆ. ನಿಜವಾದ ಉಣ್ಣೆಯಾದರೆ ಅಪ್ಪಟ ವಿರುದ್ಧ ದಾರಿಯೂ ಉಂಟು: ಬಿಸಿನೀರಲ್ಲಿ ಹಾಕಿ ತಿಕ್ಕಿದರೆ ಕೂದಲ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಕಚ್ಚಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ, ಮತ್ತೆ ಹಿಗ್ಗಿಸಲು ಬ್ರಹ್ಮನಿಂದಲೂ ಆಗದು. ತಣ್ಣೀರು, ಮೆತ್ತಗೆ ಹಿಂಡು, ಟವೆಲ್ಲಿನ ಮೇಲೆ ಅಡ್ಡಡ್ಡ ಒಣಗಿಸು, ಇಷ್ಟೇ ವಿಧಿ. ಮೇಲೆ ಏಳುವ ಗುಳ್ಳೆಗಳು ಉಣ್ಣೆಯಲ್ಲಿ ತಾವಾಗಿ ಉದುರುತ್ತವೆ. ಅಕ್ರಿಲಿಕ್ಕಿನ ಎಳೆ ಗಟ್ಟಿ, ಗುಳ್ಳೆಗಳು ಬಿಡದೆ ಸಂಸಾರ ಹೂಡುತ್ತವೆ. ಬ್ಲೇಡು ಹಿಡಿದು ಕೆರೆಯುವವರು ಒಂದು ಎಳೆ ಕತ್ತರಿಸಿ, ತೂತು ಮಾಡಿ, ಕೊನೆಗೆ ಬಿಚ್ಚುವ ಹಂತಕ್ಕೇ ಬರುತ್ತಾರೆ.

ಬಿಚ್ಚುವುದು ಕೈಹೆಣಿಗೆಗೆ ಮಾತ್ರ ಒದಗಿದ ಮೋಕ್ಷ. ಕಾರ್ಖಾನೆಯಲ್ಲಿ ಕತ್ತರಿಸಿ ಹೊಲಿದದ್ದನ್ನು ಬಿಚ್ಚಿದರೆ ತುಂಡುತುಂಡು ನೂಲು ಬರುತ್ತದೆ. ಕಡ್ಡಿಯಲ್ಲಿ ಹೆಣೆದದ್ದನ್ನು ಮುಗಿಸಿದ ಕಡೆಯಿಂದ ಎಳೆದರೆ ಸಾಲುಸಾಲಾಗಿ ಬಿಚ್ಚಿಕೊಳ್ಳುತ್ತದೆ. ಗುಂಗುರಾದ ನೂಲನ್ನು ಕುರ್ಚಿಯ ಬೆನ್ನಿಗೆ ಲಡಿ ಸುತ್ತಿ, ಒದ್ದೆ ಮಾಡಿ, ಭಾರ ಕಟ್ಟಿ ತೂಗಿಬಿಟ್ಟರೆ ನೆಟ್ಟಗಾಗುತ್ತದೆ. ಮನೆಯ ಯಜಮಾನರ ಒಂದು ದೊಗಳೆ ಸ್ವೆಟರಿನಲ್ಲಿ ಮಕ್ಕಳಿಗೆ ತೋಳಿಲ್ಲದವು ಎರಡು, ಮೇಲೊಂದು ಮಂಕಿ ಕ್ಯಾಪು ಎದ್ದು ಬರುತ್ತವೆ. ನನ್ನ ಸ್ವೆಟರು ಎಲ್ಲಿ ಎಂದು ಯಜಮಾನರು ಬೀರು ತಡಕುತ್ತಾ ಕೇಳಿದರೆ ಅಡುಗೆಮನೆಯಿಂದ ಬರುವ ಸಮಾಧಾನ ಇಷ್ಟು: 'ಅದು ನಿಮಗೆ ದೊಗಳೆ ಆಗ್ತಿತ್ತಲ್ಲ, ಬಿಡಿ. ಮುಂದಿನ ತಿಂಗ್ಳು ಟಿಬೆಟಿಯನ್ನರು ಬರ್ತಾರೆ, ಇನ್ನೊಂದು ತಗೊಂಡ್ರಾಯ್ತು. ಒಂದು ಸೈಜು ದೊಡ್ಡದೇ ನೋಡೋಣ.'